ಬಿಸಿ ಎಲ್ಲಿ ನಿಂತಿದೆ?

ಏಪ್ರಿಲ್ ಬಂತೆಂದರೆ ಪುಣೆಯ ಕಂಪ್ಯೂಟರ್ ರಿಪೇರಿಯವರ ಫೋನಿಗೆ ಒಂದೇ ರಾಗದ ದೂರುಗಳು ಶುರುವಾಗುತ್ತವೆ. ‘ಅಷ್ಟೊಂದು ದುಡ್ಡು ಕೊಟ್ಟು ಲಿಕ್ವಿಡ್ ಕೂಲರ್ ಹಾಕಿಸಿದ್ದೇನೆ. ಆದರೂ ಪ್ರೊಸೆಸರ್ 95 ಡಿಗ್ರಿ ತೋರಿಸ್ತಿದೆ. ಕೂಲರ್ ಕೆಟ್ಟಿದೆ, ಬದಲಿಸಿ ಕೊಡಿ.’ ಹೀಗೆ ಹೇಳುವವರಲ್ಲಿ ಹಿಂಜವಡಿಯ ಕಂಪನಿಗೆ ಮನೆಯಿಂದಲೇ ದುಡಿಯುವ ಎಂಜಿನಿಯರುಗಳಿದ್ದಾರೆ, ಕಟ್ಟಡಗಳ ಚಿತ್ರ ರೆಂಡರ್ ಮಾಡುವ ಆರ್ಕಿಟೆಕ್ಟುಗಳಿದ್ದಾರೆ, ಪೇಯಿಂಗ್ ಗೆಸ್ಟ್ ಕೋಣೆಯ ಬಾಗಿಲು ಹಾಕಿಕೊಂಡು ಬೆಳಗಿನ ಜಾವದವರೆಗೆ ಆಡುವ ಕಾಲೇಜು ಹುಡುಗರಂತೂ ಇದ್ದೇ ಇದ್ದಾರೆ. ಕೂಲರ್ ನಿಜಕ್ಕೂ ಕೆಟ್ಟಿರುವುದುಂಟು. ಆದರೆ ಬಹಳಷ್ಟು ಸಲ ಅದು ಸರಿಯಾಗಿಯೇ ಇರುತ್ತದೆ. ಬಿಸಿ ಮಾತ್ರ ಬೇರೆಲ್ಲೋ ಸಿಕ್ಕಿಕೊಂಡಿರುತ್ತದೆ. ಅದು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡದೆ ಕೂಲರ್ ಬದಲಿಸಿದವರು ಹೊಸ ಕೂಲರಿನಲ್ಲೂ ಅದೇ 95 ನೋಡಿ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತಾರೆ.

ಮೊದಲು ಈ ಸಾಮಾನು ಮಾಡುವ ಕೆಲಸವೇನು ಎಂಬುದನ್ನು ನೋಡಬೇಕು. ಅಂಗಡಿಯವರು ಎಐಒ ಎಂದು ಕರೆಯುವ ಈ ಲಿಕ್ವಿಡ್ ಕೂಲರಿನಲ್ಲಿ ಫ್ರಿಜ್ಜಿನಲ್ಲಿರುವಂಥ ಕಂಪ್ರೆಸರ್ ಇಲ್ಲ. ಅದು ಬಿಸಿಯನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಳಿಸುತ್ತದೆ, ಅಷ್ಟೇ. ಸಿಲಿಕಾನ್ ತುಣುಕಿನಲ್ಲಿ ಹುಟ್ಟಿದ ಬಿಸಿ ಮೊದಲು ಪ್ರೊಸೆಸರಿನ ಲೋಹದ ಮುಚ್ಚಳಕ್ಕೆ ಏರಬೇಕು. ಅಲ್ಲಿಂದ ಬೂದುಬಣ್ಣದ ಥರ್ಮಲ್ ಪೇಸ್ಟ್ ದಾಟಿ ಕೂಲರಿನ ತಾಮ್ರದ ತಟ್ಟೆಗೆ, ತಟ್ಟೆಯ ಒಳಮೈಯಲ್ಲಿ ಕೊರೆದ ಸಣ್ಣ ಕಾಲುವೆಗಳಲ್ಲಿ ಓಡುವ ದ್ರವಕ್ಕೆ, ಪಂಪು ತಳ್ಳಿದಂತೆ ರಬ್ಬರ್ ಕೊಳವೆಯ ಮೂಲಕ ರೇಡಿಯೇಟರಿಗೆ, ಅಲ್ಲಿ ಅಲ್ಯೂಮಿನಿಯಂ ಪದರಗಳಿಗೆ, ಫ್ಯಾನು ಬೀಸುವ ಗಾಳಿಗೆ, ಕ್ಯಾಬಿನೆಟ್ಟಿನಿಂದ ಕೋಣೆಗೆ, ಕೋಣೆಯಿಂದ ಕಿಟಕಿಯಾಚೆಗೆ. ಇಷ್ಟು ಮೆಟ್ಟಿಲುಗಳಲ್ಲಿ ಯಾವುದೊಂದು ಕೈಕೊಟ್ಟರೂ ಪರದೆಯ ಮೇಲೆ ಕಾಣುವುದು ಒಂದೇ ಅಂಕಿ. ಅಂಕಿ ಒಂದೇ ಆದರೂ ಕಾರಣ ಬೇರೆ ಬೇರೆ ಎಂಬುದೇ ಇಲ್ಲಿನ ತಲೆನೋವು.

ನೀರು ಎಷ್ಟು ಬಿಸಿ ಹೊರಬಲ್ಲದು ಎಂಬ ಲೆಕ್ಕವನ್ನು ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ಹಾಕಬಹುದು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಶಕ್ತಿ ಬೇಕು. ನಿಮಿಷಕ್ಕೆ ಒಂದು ಲೀಟರ್ ನೀರು ಹರಿಯುತ್ತಿದೆ ಎಂದುಕೊಳ್ಳಿ. ಆಗ ಅದು ಪ್ರತಿ ಡಿಗ್ರಿಗೆ 70 ವ್ಯಾಟ್‌ನಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. ಪ್ರೊಸೆಸರ್ 210 ವ್ಯಾಟ್ ಕಕ್ಕಿದರೂ ತಾಮ್ರದ ತಟ್ಟೆಗೆ ಬರುವ ನೀರಿಗೂ ಅಲ್ಲಿಂದ ಹೊರಡುವ ನೀರಿಗೂ ಇರುವ ವ್ಯತ್ಯಾಸ ಬರೀ ಮೂರು ಡಿಗ್ರಿ! ನಿಜವಾದ ಕೂಲರಿನಲ್ಲಿ ನೀರಿನ ಜೊತೆ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳು ಬೆರೆತಿರುವುದರಿಂದ ಅಂಕಿ ಚೂರು ಆಚೀಚೆ ಆಗುತ್ತದೆ. ಆದರೂ ಈ ಮೂರು ಡಿಗ್ರಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ನೀರು ಇಷ್ಟು ಸಲೀಸಾಗಿ ಬಿಸಿ ಹೊರುವಾಗ ಪ್ರೊಸೆಸರ್ ಮಾತ್ರ 90 ದಾಟುವುದೇಕೆ? ಕಾರಣ ಜಾಗದ ಇಕ್ಕಟ್ಟು. ಮನೆಯ ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್‌ನದು ಎನ್ನಿ. ಅದರ ತಳ ಸುಮಾರು 200 ಚದರ ಸೆಂಟಿಮೀಟರ್. ಅಂದರೆ ಚದರ ಸೆಂಟಿಮೀಟರಿಗೆ ಐದು ವ್ಯಾಟ್. ಇಂಟೆಲ್‌ನ ಕೋರ್ ಐ9-13900ಕೆ ಪೂರ್ತಿ ದುಡಿಯುವಾಗ 253 ವ್ಯಾಟ್ ಎಳೆಯುವಂತೆ ಮಾಡಿದ ಪ್ರೊಸೆಸರ್, ಅದರ ಸಿಲಿಕಾನ್ ತುಣುಕಿನ ವಿಸ್ತಾರ ಎರಡೂವರೆ ಚದರ ಸೆಂಟಿಮೀಟರಿನ ಆಸುಪಾಸು. ಲೆಕ್ಕ ಹಾಕಿದರೆ ಚದರ ಸೆಂಟಿಮೀಟರಿಗೆ ನೂರು ವ್ಯಾಟ್. ಇಸ್ತ್ರಿ ಪೆಟ್ಟಿಗೆಯ ಇಪ್ಪತ್ತರಷ್ಟು. ಎಎಂಡಿಯ ರೈಜನ್ 7950ಎಕ್ಸ್‌ನಲ್ಲಿ ಲೆಕ್ಕಾಚಾರದ ಕೆಲಸ ನಡೆಯುವುದು ತಲಾ 71 ಚದರ ಮಿಲಿಮೀಟರಿನ ಎರಡು ತುಣುಕುಗಳಲ್ಲಿ. ಅಲ್ಲಿನ ಇಕ್ಕಟ್ಟು ಇನ್ನೂ ಹೆಚ್ಚು. ನೀರು 40 ಡಿಗ್ರಿಯಲ್ಲಿ ಆರಾಮಾಗಿ ಹರಿಯುತ್ತಿರುವಾಗಲೇ ಅದಕ್ಕಿಂತ ಕೆಲವೇ ಮಿಲಿಮೀಟರ್ ಕೆಳಗಿನ ಸಿಲಿಕಾನ್ 90ರಲ್ಲಿ ಇರುವುದು ಹೀಗೆ. ದೊಡ್ಡ ರೇಡಿಯೇಟರ್ ಹಾಕಿದರೆ ನೀರು ತಂಪಾದೀತು. ಸಿಲಿಕಾನಿನಿಂದ ತಾಮ್ರದವರೆಗಿನ ಆ ಕೆಲವು ಮಿಲಿಮೀಟರಿನ ಇಕ್ಕಟ್ಟು ಹಾಗೆಯೇ ಉಳಿಯುತ್ತದೆ.

95 ಎಂಬ ಅಂಕಿಗೆ ಬೆಚ್ಚಿಬೀಳುವ ಮುನ್ನ ಇನ್ನೊಂದು ಮಾತು. 2022ರಲ್ಲಿ ರೈಜನ್ 7000 ಸರಣಿ ತಂದಾಗ ಎಎಂಡಿ ಬಹಿರಂಗವಾಗಿಯೇ ಹೇಳಿತ್ತು: ಭಾರೀ ಕೆಲಸ ಕೊಟ್ಟಾಗ ಈ ಪ್ರೊಸೆಸರುಗಳು 95 ಡಿಗ್ರಿಯವರೆಗೆ ಹೋಗಿ ಅಲ್ಲೇ ನಿಲ್ಲುವಂತೆ ರೂಪಿಸಲಾಗಿದೆ ಎಂದು. ಇಂಟೆಲ್‌ನ ಐ9ಗಳಿಗೆ ಈ ಮಿತಿ 100. ಮಿತಿ ಮುಟ್ಟಿದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ, ಅದನ್ನೂ ಮೀರಿದರೆ ಕಂಪ್ಯೂಟರ್ ಆಫ್ ಆಗುತ್ತದೆ. ಸುಟ್ಟು ಹೋಗುತ್ತದೆಂಬ ಭಯ ಹಳೆಯ ಕಾಲದ್ದು. ಚಿಂತೆ ಮಾಡಬೇಕಾದ ಸಂದರ್ಭಗಳು ಬೇರೆ: ಬ್ರೌಸರ್ ತೆರೆದರೂ 90 ಕಾಣುವುದು, ಹೋದ ವರ್ಷ ಇದೇ ಕೆಲಸಕ್ಕೆ 75 ಇದ್ದದ್ದು ಈಗ 95 ಆಗಿರುವುದು, ಅಥವಾ ಮಿತಿ ಮುಟ್ಟಿದ ಪ್ರೊಸೆಸರಿನ ವೇಗ ಕಣ್ಣೆದುರೇ ಅರ್ಧಕ್ಕೆ ಇಳಿಯುವುದು.

ಹೋದ ವರ್ಷದ ಜೊತೆ ಹೋಲಿಸುವಾಗ ತಿಂಗಳನ್ನೂ ನೋಡಬೇಕು. ಜನವರಿಯ ಬೆಳಿಗ್ಗೆ ಪುಣೆಯ ಉಷ್ಣಾಂಶ 12 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಮಧ್ಯಾಹ್ನ 38ರ ಆಸುಪಾಸಿಗೆ ಏರುತ್ತದೆ. ಈ ಊರಿನ ದಾಖಲೆಯ ಬಿಸಿಲು 1897ರ ಏಪ್ರಿಲ್ 30ರದ್ದು, 43.3 ಡಿಗ್ರಿ. ಲಿಕ್ವಿಡ್ ಕೂಲರ್ ಯಾವತ್ತೂ ಕೋಣೆಯ ಗಾಳಿಗಿಂತ ತಂಪಾಗಲಾರದು. ಕೋಣೆ ಎಷ್ಟು ಡಿಗ್ರಿ ಏರುತ್ತದೋ ಪ್ರೊಸೆಸರ್ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ 20 ಡಿಗ್ರಿಯ ಕೋಣೆಯಲ್ಲಿ 75 ತೋರಿಸುತ್ತಿದ್ದ ಯಂತ್ರ, ಟೆರೇಸಿನ ಕೆಳಗಿನ ಫ್ಲ್ಯಾಟಿನ 36 ಡಿಗ್ರಿಯ ಕೋಣೆಯಲ್ಲಿ 91 ತೋರಿಸಿದರೆ ಏನೂ ಕೆಟ್ಟಿಲ್ಲ ಎಂದೇ ಅರ್ಥ. ಕಲಬುರಗಿ, ರಾಯಚೂರಿನಲ್ಲಿ ಓದುತ್ತಿರುವವರು ಇದಕ್ಕೆ ಇನ್ನೂ ಒಂದಿಷ್ಟು ಡಿಗ್ರಿ ಸೇರಿಸಿಕೊಳ್ಳಲಿ. ಆದ್ದರಿಂದ ಪ್ರೊಸೆಸರಿನ ಅಂಕಿ ಬರೆದಿಡುವಾಗ ಪಕ್ಕದಲ್ಲೇ ಕೋಣೆಯ ಅಂಕಿಯನ್ನೂ ಬರೆಯಬೇಕು. ಎರಡರ ನಡುವಿನ ಅಂತರ ಬದಲಾಗಿದ್ದರೆ ಮಾತ್ರ ಪತ್ತೇದಾರಿಕೆಗೆ ಅರ್ಥವಿದೆ.

ಜಿಗಿಯುವ ಬಿಸಿ, ಏರುವ ಬಿಸಿ

ಪತ್ತೆಗೆ ಬೇಕಾದ ಉಪಕರಣ ಎರಡೇ: ಗಡಿಯಾರ ಮತ್ತು ಅಂಗೈ. ಎಚ್‌ಡಬ್ಲ್ಯೂಇನ್ಫೋ ಥರದ ಉಚಿತ ತಂತ್ರಾಂಶದಲ್ಲಿ ಉಷ್ಣಾಂಶ, ವ್ಯಾಟ್, ಪಂಪಿನ ಸುತ್ತು ಮೂರೂ ಕಾಣುತ್ತವೆ. ಸಿನೆಬೆಂಚ್‌ನಂಥ ಭಾರೀ ಕೆಲಸ ಕೊಟ್ಟು ಕಾಲು ಗಂಟೆ ನೋಡುತ್ತ ಕೂರಬೇಕು. ಅಂಕಿ ಎಷ್ಟಾಯಿತು ಎನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಆಯಿತು ಎನ್ನುವುದೇ ಹೆಚ್ಚು ಹೇಳುತ್ತದೆ.

ಗುಂಡಿ ಒತ್ತಿದ ಒಂದೆರಡು ಸೆಕೆಂಡಿನಲ್ಲೇ 45ರಿಂದ 95ಕ್ಕೆ ಜಿಗಿದರೆ ನೀರನ್ನು ದೂರಿ ಪ್ರಯೋಜನವಿಲ್ಲ. ಕೊಳವೆ, ರೇಡಿಯೇಟರಿನಲ್ಲಿರುವ ದ್ರವ ಬಿಸಿಯಾಗಲು ನಿಮಿಷಗಳೇ ಬೇಕು. ಅಷ್ಟರೊಳಗೆ ಮಿತಿ ಮುಟ್ಟಿದೆ ಎಂದರೆ ಬಿಸಿ ನೀರಿನವರೆಗೆ ಬಂದೇ ಇಲ್ಲ. ಪ್ರೊಸೆಸರಿಗೂ ತಾಮ್ರದ ತಟ್ಟೆಗೂ ನಡುವೆ ಎಲ್ಲೋ ನಿಂತಿದೆ. ಬಿಚ್ಚಿ ನೋಡಿದರೆ ಕಾರಣ ಸಿಗುತ್ತದೆ. ತಟ್ಟೆಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸುವವರು ಈಗಲೂ ಇದ್ದಾರೆ. ನಗಬೇಡಿ, ಆ ಹಾಳೆ ಕಣ್ಣಿಗೆ ಕಾಣದಷ್ಟು ಪಾರದರ್ಶಕ. ಪೇಸ್ಟು ಒಂದೇ ಮೂಲೆಗೆ ಹರಡಿದ್ದರೆ ತಿರುಪುಗಳನ್ನು ಓರೆಯಾಗಿ ಬಿಗಿದಿದ್ದಾರೆ ಎಂದರ್ಥ. ಎದುರುಬದುರಿನ ತಿರುಪುಗಳನ್ನು ಜೋಡಿಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಪೇಸ್ಟು ಒಣಗಿ ಪುಡಿಯಾಗಿದ್ದರೆ ಒರೆಸಿ ಹೊಸದು ಹಚ್ಚಬೇಕು. ಪೇಸ್ಟಿನ ಕೆಲಸ ಕಣ್ಣಿಗೆ ಕಾಣದ ಏರುತಗ್ಗುಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು ಓಡಿಸುವುದು. ತಾಮ್ರದ ಉಷ್ಣವಾಹಕತೆ 400ರ ಹತ್ತಿರ ಇದ್ದರೆ ಒಳ್ಳೆಯ ಪೇಸ್ಟಿನದು ಹತ್ತರ ಆಸುಪಾಸು, ಗಾಳಿಯದು 0.026. ಪೇಸ್ಟು ಗಾಳಿಗಿಂತ ಎಷ್ಟೋ ಮೇಲು, ತಾಮ್ರದ ಮುಂದೆ ಏನೇನೂ ಅಲ್ಲ. ಹಾಗಾಗಿ ಹೆಚ್ಚು ಬಳಿದಷ್ಟೂ ಒಳ್ಳೆಯದೆಂಬ ನಂಬಿಕೆಗೆ ಬುಡವಿಲ್ಲ; ಮೈಗೆ ಮೈ ಒತ್ತಿಕೊಂಡಿರಬೇಕು, ನಡುವೆ ಉಳಿದ ತಗ್ಗಿಗೆ ಮಾತ್ರ ಪೇಸ್ಟು.

ಇಂಟೆಲ್‌ನ 12ರಿಂದ 14ನೇ ತಲೆಮಾರಿನವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಇಲ್ಲೇ ಎರಡು ತಕರಾರುಗಳಿವೆ. ಎಲ್‌ಜಿಎ 1700 ಎಂಬ ಅವುಗಳ ಸಾಕೆಟ್ಟಿನಲ್ಲಿ ತಿರುಪಿನ ರಂಧ್ರಗಳ ಅಂತರ 75ರಿಂದ 78 ಮಿಲಿಮೀಟರಿಗೆ ಬದಲಾಯಿತು, ಪ್ರೊಸೆಸರಿನ ಎತ್ತರವೂ ಕೊಂಚ ಇಳಿಯಿತು. ಹಳೆಯ ಕೂಲರಿನ ಹಳೆಯ ಬ್ರ್ಯಾಕೆಟ್ಟನ್ನೇ ಹೇಗೋ ಎಳೆದಾಡಿ ಕೂರಿಸಿದರೆ ತಟ್ಟೆ ಮುಚ್ಚಳವನ್ನು ಅರೆಬರೆ ಮುಟ್ಟುತ್ತದೆ. ಎರಡನೆಯದು, ಸಾಕೆಟ್ಟಿನ ಹಿಡಿಕೆ ಉದ್ದನೆಯ ಪ್ರೊಸೆಸರನ್ನು ನಡುಮಧ್ಯೆ ಒತ್ತುವುದರಿಂದ ಮುಚ್ಚಳ ತುಸು ಬಾಗುತ್ತದೆ. ಬಾಗದಂತೆ ಸುತ್ತಲೂ ಹಿಡಿಯುವ ಚೌಕಟ್ಟುಗಳು ಮಾರುಕಟ್ಟೆಯಲ್ಲಿವೆ, ಕೆಲವು ಡಿಗ್ರಿ ಇಳಿಯುವುದೂ ನಿಜ. ಬಾಗುವಿಕೆ ಮಿತಿಯೊಳಗೇ ಇದೆ, ಹಿಡಿಕೆ ಬದಲಿಸಿದರೆ ವಾರಂಟಿಗೆ ಧಕ್ಕೆ ಎಂಬುದು ಇಂಟೆಲ್‌ನ ನಿಲುವು. ನನ್ನ ಮಟ್ಟಿಗೆ, ಬೇರೆಲ್ಲ ನೋಡಿ ಮುಗಿಯುವವರೆಗೆ ಅದಕ್ಕೆ ಕೈ ಹಾಕಬಾರದು.

ಇನ್ನು ನಿಧಾನವಾಗಿ ಏರುವ ಬಿಸಿ. ಮೊದಲ ನಿಮಿಷ 70, ಐದನೇ ನಿಮಿಷಕ್ಕೆ 80, ಕಾಲು ಗಂಟೆಗೆ 95. ಇಲ್ಲಿ ಬಿಸಿ ನೀರಿಗೆ ಇಳಿದಿದೆ. ನೀರು ಅದನ್ನು ಇಳಿಸಲಾರದೆ ಒದ್ದಾಡುತ್ತಿದೆ. ಈಗ ಅಂಗೈ ಬೇಕು. ಎರಡೂ ಕೊಳವೆಗಳನ್ನು ಹಿಡಿದು ನೋಡಿ. ಮೊದಲು ಹಾಕಿದ ಲೆಕ್ಕದಂತೆ ಹರಿವು ಸರಿಯಿದ್ದರೆ ಎರಡು ಕೊಳವೆಗಳ ನಡುವೆ ಮೂರ್ನಾಲ್ಕು ಡಿಗ್ರಿಯ ಅಂತರವಷ್ಟೇ ಇರಬೇಕು, ಅಂದರೆ ಕೈಗೆ ಎರಡೂ ಒಂದೇ ತೆರನಾಗಿ ಬೆಚ್ಚಗಿರಬೇಕು. ಒಂದು ಸುಡುತ್ತಿದ್ದು ಇನ್ನೊಂದು ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ, ಅಥವಾ ತೀರಾ ನಿಧಾನವಾಗಿ ಹರಿಯುತ್ತಿದೆ. ಎರಡೂ ಬಿಸಿ, ರೇಡಿಯೇಟರೂ ಬಿಸಿ, ಆದರೆ ಅದರಿಂದ ಹೊರಬರುವ ಗಾಳಿ ಮಾತ್ರ ಸಪ್ಪೆ ಎಂದಾದರೆ ಗಾಳಿಯ ದಾರಿ ಕಟ್ಟಿದೆ. ಎಲ್ಲವೂ ಬಿಸಿ, ಹೊರಬರುವ ಗಾಳಿಯೂ ಜೋರಾಗಿ ಬಿಸಿ ಎಂದಾದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ. ತಪ್ಪಿರುವುದು ಕ್ಯಾಬಿನೆಟ್ಟಿನಲ್ಲಿ ಅಥವಾ ಕೋಣೆಯಲ್ಲಿ.

ಪುಣೆಯ ಕೊಥ್ರೂಡಿನಲ್ಲಿ ಮನೆಯಲ್ಲೇ ರಿಪೇರಿ ಮಾಡುವ ಹುಡುಗನೊಬ್ಬ ಇದ್ದಾನೆ, ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಊರ ಕನ್ನಡ. ಒಮ್ಮೆ ಅವನ ಮೇಜಿನ ಮೇಲಿದ್ದ ಯಂತ್ರದ ಪರದೆಯಲ್ಲಿ ಪಂಪು ನಿಮಿಷಕ್ಕೆ 2,700 ಸುತ್ತು ತಿರುಗುತ್ತಿರುವುದು ಕಾಣುತ್ತಿತ್ತು. ‘ಪಂಪ್ ಸರಿಯಿದೆಯಲ್ಲ’ ಎಂದೆ. ‘ಸರ, ತಿರಗಾಕತ್ತೈತಿ ಅಂತ ಅದು ಹೇಳತೈತಿ. ಆದ್ರ ನೀರು ಹರಿಯವಲ್ದು. ಕೈ ಹಚ್ಚಿ ನೋಡ್ರಿ’ ಎಂದ. ಒಂದು ಕೊಳವೆ ಮುಟ್ಟಲಾಗದಷ್ಟು ಬಿಸಿ, ಇನ್ನೊಂದು ಕೋಣೆಯಷ್ಟೇ ತಣ್ಣಗೆ. ಸುತ್ತಿನ ಲೆಕ್ಕ ಮೋಟಾರಿನದು, ಹರಿವಿನದಲ್ಲ. ಸಾಮಾನ್ಯ ಎಐಒಗಳಲ್ಲಿ ಹರಿವು ಅಳೆಯುವ ಸಾಧನವೇ ಇರುವುದಿಲ್ಲ. ತಾಮ್ರದ ತಟ್ಟೆಯ ಕಾಲುವೆಗಳು ಮಿಲಿಮೀಟರಿನ ಒಂದು ಸಣ್ಣ ಪಾಲಿನಷ್ಟೇ ಅಗಲ. ತಾಮ್ರ, ಅಲ್ಯೂಮಿನಿಯಂ ಎರಡನ್ನೂ ಮುಟ್ಟುತ್ತ ವರ್ಷಗಟ್ಟಲೆ ಸುತ್ತುವ ದ್ರವದಲ್ಲಿ ಗಸಿ ಹುಟ್ಟಿದರೆ ಮೊದಲು ಕಟ್ಟಿಕೊಳ್ಳುವುದು ಅಲ್ಲೇ. 2022ರಲ್ಲಿ ಆರ್ಕ್‌ಟಿಕ್ ಕಂಪನಿ ತನ್ನ ಲಿಕ್ವಿಡ್ ಫ್ರೀಜರ್-2ರ ಆರಂಭದ ಕಂತುಗಳಲ್ಲಿ ಇಂಥದ್ದೇ ತೊಂದರೆ ಇದೆಯೆಂದು ತಾನೇ ಪ್ರಕಟಿಸಿತ್ತು. ರಬ್ಬರ್ ಗ್ಯಾಸ್ಕೆಟ್ಟಿನಲ್ಲಿ ಉಳಿದಿದ್ದ ಗಂಧಕದಂಶ ತಾಮ್ರವನ್ನು ತಿನ್ನುತ್ತಿತ್ತು. ಕಂಪನಿ ಬದಲಿ ಗ್ಯಾಸ್ಕೆಟ್, ತಟ್ಟೆಗಳ ಕಿಟ್ಟನ್ನು ಪುಕ್ಕಟೆ ಕಳಿಸಿತು. ತಪ್ಪನ್ನು ಗಿರಾಕಿಯ ಪೇಸ್ಟಿನ ಮೇಲೆ ಹಾಕದೆ ಒಪ್ಪಿಕೊಂಡ ಕಂಪನಿಗಳು ಈ ಪೇಟೆಯಲ್ಲಿ ಹೆಚ್ಚಿಲ್ಲ.

ಹರಿವು ನಿಲ್ಲುವುದಕ್ಕೆ ಗಸಿಯೇ ಬೇಕೆಂದಿಲ್ಲ, ತಂತಿ ತಪ್ಪಿ ಚುಚ್ಚಿದರೂ ಸಾಕು. ಮದರ್‌ಬೋರ್ಡಿನಲ್ಲಿ ಫ್ಯಾನಿಗೊಂದು, ಪಂಪಿಗೊಂದು ಎಂದು ಬೇರೆ ಬೇರೆ ಕೊಂಡಿಗಳಿರುತ್ತವೆ. ಪಂಪನ್ನು ಫ್ಯಾನಿನ ಕೊಂಡಿಗೆ ಸಿಕ್ಕಿಸಿದರೆ, ಪ್ರೊಸೆಸರ್ ತಣ್ಣಗಿದೆ ಎಂದು ಬೋರ್ಡು ವೋಲ್ಟೇಜ್ ಇಳಿಸಿ ಪಂಪನ್ನು ನಿದ್ದೆಗೆ ಕಳಿಸುತ್ತದೆ. ಬಯಾಸ್‌ಗೆ ಹೋಗಿ ಪಂಪನ್ನು ಸದಾ ಪೂರ್ತಿ ವೇಗದಲ್ಲಿಡುವುದು ಸುರಕ್ಷಿತ. ಸದ್ದು ತಗ್ಗಿಸಬೇಕಾದರೆ ಫ್ಯಾನುಗಳನ್ನು ತಗ್ಗಿಸಿ, ಪಂಪನ್ನಲ್ಲ.

ಗಾಳಿಗುಳ್ಳೆಯದು ಮತ್ತೊಂದು ಕಥೆ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಪುಣೆಗೆ ಬರುವ ನಮ್ಮ ಹುಡುಗರು ಡೆಸ್ಕ್‌ಟಾಪನ್ನು ಬೆಡ್‌ಶೀಟಿನಲ್ಲಿ ಸುತ್ತಿ ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ತರುತ್ತಾರೆ. ಕಾತ್ರಜ್ ಘಾಟಿ ಇಳಿದು ಮನೆ ಸೇರಿ ಚಾಲೂ ಮಾಡಿದರೆ ಗುಳುಗುಳು ಸದ್ದು, ಜೊತೆಗೆ 90 ಡಿಗ್ರಿ. ಪ್ರತಿ ಎಐಒದ ಒಳಗೂ ಚೂರು ಗಾಳಿ ಇದ್ದೇ ಇರುತ್ತದೆ, ರಬ್ಬರಿನ ಮೂಲಕ ನೀರಾವಿ ಮೆಲ್ಲಗೆ ಸೋರುವುದರಿಂದ ವರ್ಷ ಕಳೆದಂತೆ ಅದು ಹೆಚ್ಚುತ್ತದೆ ಕೂಡ. ಗಾಳಿ ಯಾವಾಗಲೂ ಎತ್ತರದ ಜಾಗ ಹುಡುಕುತ್ತದೆ. ಆ ಎತ್ತರದ ಜಾಗ ರೇಡಿಯೇಟರಿನ ಮೇಲ್ತುದಿ ಆಗಿದ್ದರೆ ತೊಂದರೆಯಿಲ್ಲ. ಪಂಪೇ ಆಗಿಬಿಟ್ಟರೆ ನೀರಿನ ಬದಲು ಗಾಳಿಯನ್ನು ಕಡೆಯುತ್ತ ಅದು ಬೇಗ ಸವೆಯುತ್ತದೆ. ಆದ್ದರಿಂದ ರೇಡಿಯೇಟರ್ ಕ್ಯಾಬಿನೆಟ್ಟಿನ ನೆತ್ತಿಯಲ್ಲಿರಬೇಕು, ಮುಂಭಾಗದಲ್ಲಿದ್ದರೆ ಅದರ ಮೇಲ್ತುದಿಯಾದರೂ ಪಂಪಿಗಿಂತ ಎತ್ತರದಲ್ಲಿರಬೇಕು. ತಳದಲ್ಲಂತೂ ಬೇಡವೇ ಬೇಡ. ಬಸ್ಸಿನಲ್ಲಿ ಬಂದ ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಚಾಲೂ ಇರುವಾಗಲೇ ಮೆಲ್ಲನೆ ಅತ್ತಿತ್ತ ವಾಲಿಸಿದರೆ ಗುಳ್ಳೆ ಮೇಲೆ ಸರಿದು ಸದ್ದು ಅಡಗುವುದುಂಟು.

ಧೂಳಿನ ಬಗ್ಗೆ ಪುಣೆಯವರಿಗೆ ಹೇಳಬೇಕಾದ್ದೇನೂ ಇಲ್ಲ. ಮೆಟ್ರೊ ಕಂಬಗಳು, ಹಳೆಯ ಸೊಸೈಟಿಗಳನ್ನು ಕೆಡವಿ ಎಬ್ಬಿಸುವ ಗೋಪುರಗಳು, ರಸ್ತೆ ಅಗೆತ ಎಲ್ಲವೂ ಸೇರಿ ಬೇಸಿಗೆಯಲ್ಲಿ ಕಿಟಕಿ ತೆರೆಯುವಂತಿಲ್ಲ. ರೇಡಿಯೇಟರಿನ ಧೂಳು ಹೊರಗಿನಿಂದ ಕಾಣುವುದಿಲ್ಲ ಎಂಬುದಷ್ಟೇ ಇಲ್ಲಿ ಹೇಳಬೇಕಾದ ಮಾತು. ಫ್ಯಾನು ಒಳಗೆ ತಳ್ಳಿದ ಧೂಳು ಫ್ಯಾನಿಗೂ ಪದರಗಳಿಗೂ ನಡುವೆ ಬೂದು ಕಂಬಳಿಯಂತೆ ಕಟ್ಟಿರುತ್ತದೆ, ಮಳೆಗಾಲದ ತೇವದಲ್ಲಿ ಗಟ್ಟಿಯಾಗುತ್ತದೆ. ಫ್ಯಾನು ಬಿಚ್ಚದೆ ಬ್ಲೋಯರ್ ಹಿಡಿದರೆ ಅದು ಅಲ್ಲೇ ಉಳಿಯುತ್ತದೆ.

ಪಾಷಾಣ್ ರಸ್ತೆಯ ನೀರು

ಈ ಊರಿಗೆ ಪ್ರೊಸೆಸರಿನ ಬಿಸಿ ಹೊಸ ವಿಷಯವಲ್ಲ. ಸೂಪರ್ ಕಂಪ್ಯೂಟರುಗಳ ಬಿಸಿಯನ್ನು ದೇಶದಲ್ಲಿ ದೊಡ್ಡ ಮಟ್ಟದಲ್ಲಿ ನಿಭಾಯಿಸುತ್ತಿರುವ ಜಾಗಗಳಲ್ಲಿ ಪುಣೆಯ ಪಶ್ಚಿಮ ಭಾಗದ ಪಾಷಾಣ್ ಕೂಡ ಒಂದು. ಹೋಮಿ ಭಾಭಾ ರಸ್ತೆಯಲ್ಲಿ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ ಐಸರ್ ಇದೆ, ಅಲ್ಲೇ ಆಸುಪಾಸಿನಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆ ಐಐಟಿಎಂ ಇದೆ, ಸೂಪರ್ ಕಂಪ್ಯೂಟರ್ ಕಟ್ಟುವ ಸಿ-ಡ್ಯಾಕ್‌ನ ಕಚೇರಿಯೂ ಇದೆ.

ಕಥೆ ಶುರುವಾಗುವುದು ಬೆಂಗಳೂರಿನಿಂದ. 80ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕ್ರೇ ಸೂಪರ್ ಕಂಪ್ಯೂಟರ್ ತರಿಸುವ ಪ್ರಯತ್ನಕ್ಕೆ ಅಮೆರಿಕ ಒಪ್ಪಲಿಲ್ಲ. ಹವಾಮಾನ ಮುನ್ಸೂಚನೆಗೆಂದು ಕಡಿಮೆ ಶಕ್ತಿಯ ಯಂತ್ರವೊಂದನ್ನು ಮಾತ್ರ ದೆಹಲಿಗೆ ಕೊಟ್ಟಿತು. ನಾವೇ ಕಟ್ಟೋಣ ಎಂದು 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು. ವಿಜಯ್ ಭಾಟಕರ್ ಮುಂದಾಳತ್ವದಲ್ಲಿ 1991ರಲ್ಲಿ ‘ಪರಮ್ 8000’ ಸಿದ್ಧವಾಯಿತು. ಅದರೊಳಗಿನ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳು ಎಳೆಯುತ್ತಿದ್ದ ವಿದ್ಯುತ್ ಇಂದಿನ ಪ್ರೊಸೆಸರಿನ ಮುಂದೆ ಲೆಕ್ಕಕ್ಕೇ ಇಲ್ಲ. ಸೆಮೂರ್ ಕ್ರೇ ಮಾತ್ರ ಅದಕ್ಕೂ ಮೊದಲೇ ಬಿಸಿಯ ಜೊತೆ ಸೆಣಸಿದ್ದ. 1976ರ ಕ್ರೇ-1ರಲ್ಲಿ ಫ್ರಿಜ್ಜಿನ ಫ್ರಿಯಾನ್ ಹರಿಸಿದ್ದ, 1985ರ ಕ್ರೇ-2ರಲ್ಲಿ ಸರ್ಕಿಟ್ಟುಗಳನ್ನೇ ವಿದ್ಯುತ್ ಹರಿಯದ ದ್ರವವೊಂದರಲ್ಲಿ ಮುಳುಗಿಸಿಬಿಟ್ಟಿದ್ದ.

2007ರ ನವೆಂಬರಿನಲ್ಲಿ ಟಾಟಾ ಬಳಗದ ಕಂಪ್ಯುಟೇಷನಲ್ ರಿಸರ್ಚ್ ಲ್ಯಾಬೊರೇಟರೀಸ್ ಪುಣೆಯಲ್ಲಿ ಕಟ್ಟಿದ ‘ಏಕ’ ಜಗತ್ತಿನ ಟಾಪ್-500 ಪಟ್ಟಿಯಲ್ಲಿ ನಾಲ್ಕನೆಯದಾಗಿ ಎಲ್ಲರ ಹುಬ್ಬೇರಿಸಿತು. 2018ರ ಜನವರಿಯಲ್ಲಿ ಐಐಟಿಎಂಗೆ ಕ್ರೇ ಎಕ್ಸ್‌ಸಿ40 ಯಂತ್ರ ‘ಪ್ರತ್ಯೂಷ್’ ಬಂತು. ಅದರಲ್ಲಿ ಗಾಳಿ ಬೀರುಗಳ ಸಾಲಿನ ಉದ್ದಕ್ಕೂ ಅಡ್ಡಡ್ಡ ಬೀಸುತ್ತದೆ, ಬೀರು ಬೀರಿನ ನಡುವೆ ನೀರಿನ ಸುರುಳಿಗಳು ಆ ಗಾಳಿಯ ಬಿಸಿ ಹೀರುತ್ತವೆ. 2019ರಲ್ಲಿ ಐಸರ್‌ನಲ್ಲಿ ಸಿ-ಡ್ಯಾಕ್ ಸ್ಥಾಪಿಸಿದ ‘ಪರಮ್ ಬ್ರಹ್ಮ’, 797 ಟೆರಾಫ್ಲಾಪ್ಸ್ ಸಾಮರ್ಥ್ಯದ್ದು, ಒಂದು ಹೆಜ್ಜೆ ಮುಂದೆ ಹೋಯಿತು. ನೀರು ನೇರ ಪ್ರೊಸೆಸರಿನ ಮೇಲಿನ ತಟ್ಟೆಗೇ ಬರುತ್ತದೆ. ನಿಮ್ಮ ಮೇಜಿನ ಕೆಳಗಿನ ಎಐಒದ ತತ್ವವೂ ಇದೇ.

ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಚಾಲನೆಗೊಂಡ 3.3 ಪೆಟಾಫ್ಲಾಪ್ಸ್‌ನ ‘ಪರಮ್ ಪ್ರವೇಗ’, ಪುಣೆಯ ಐಐಟಿಎಂಗೆ ಬಂದ 11.77 ಪೆಟಾಫ್ಲಾಪ್ಸ್‌ನ ‘ಅರ್ಕ’ ಎರಡೂ ಫ್ರಾನ್ಸ್‌ನ ಅಟೋಸ್ ಬಳಗ ರೂಪಿಸಿದ ಬುಲ್ ಸೆಕ್ವಾನಾ ಸರಣಿಯವು. ಈ ಸರಣಿಗೆ ಮಂಜುಗಡ್ಡೆಯಂಥ ನೀರು ಬೇಕಿಲ್ಲ. ಒಳಬರುವ ನೀರು 40 ಡಿಗ್ರಿಯಷ್ಟು ಬೆಚ್ಚಗಿದ್ದರೂ ನಡೆಯುವಂತೆ ರೂಪಿಸಿದ್ದಾರೆ. 90 ಡಿಗ್ರಿಯಲ್ಲಿ ದುಡಿಯಬಲ್ಲ ಸಿಲಿಕಾನಿಗೆ 40 ಡಿಗ್ರಿಯ ನೀರೂ ತಂಪೇ. ದುಬಾರಿ ಚಿಲ್ಲರ್ ಯಂತ್ರಗಳನ್ನು ಓಡಿಸದೆ ಹೊರಗಿನ ಗಾಳಿಗೆ ಬಿಸಿಯನ್ನು ಬಿಟ್ಟುಬಿಡಬಹುದು ಎಂಬುದು ಇದರ ಲಾಭ.

ದೊಡ್ಡ ಯಂತ್ರಕ್ಕೂ ಮನೆಯ ಯಂತ್ರಕ್ಕೂ ಇರುವ ಮುಖ್ಯ ವ್ಯತ್ಯಾಸ ಕೊನೆಯ ಮೆಟ್ಟಿಲಿನಲ್ಲಿದೆ. ಅಲ್ಲಿ ನೀರು ಕಟ್ಟಡದ ಹೊರಗೆ ಹೋಗಿ ಬಿಸಿ ಇಳಿಸಿ ಬರುತ್ತದೆ. ಮನೆಯ ಎಐಒ ಅದನ್ನು ನಿಮ್ಮ ಕೋಣೆಗೇ ಸುರಿಯುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಸೇರಿ 500 ವ್ಯಾಟ್ ಎಳೆದರೆ ಅಷ್ಟೂ ಬಿಸಿಯಾಗಿ ಕೋಣೆಯಲ್ಲೇ ಉಳಿಯಿತೆಂದೇ ಲೆಕ್ಕ. ಹತ್ತಡಿ ಉದ್ದಗಲದ ಪೇಯಿಂಗ್ ಗೆಸ್ಟ್ ಕೋಣೆಯ ಬಾಗಿಲು ಮುಚ್ಚಿ ರಾತ್ರಿಯಿಡೀ ಆಡಿದರೆ ಬಿಸಿಯಾದ ಕೋಣೆಯ ಗಾಳಿಯನ್ನೇ ರೇಡಿಯೇಟರ್ ಮತ್ತೆ ಮತ್ತೆ ಉಸಿರಾಡುತ್ತದೆ. ನೆತ್ತಿಯ ರೇಡಿಯೇಟರ್ ಕ್ಯಾಬಿನೆಟ್ಟಿನೊಳಗಿಂದ ಗಾಳಿ ಎಳೆಯುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿನ ಬಿಸಿಯೂ ಅದರ ಪಾಲಿಗೇ. ಪರೀಕ್ಷೆ ಸುಲಭ: ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದಿಟ್ಟಾಗ ಐದಾರು ಡಿಗ್ರಿ ಇಳಿದರೆ ತಪ್ಪು ಕೂಲರಿನದಲ್ಲ, ಗಾಳಿ ಒಳಬರುವ ದಾರಿಯದು. ಗಾಜಿನ ಮುಂಬಾಗಿಲಿನ ಚೆಂದದ ಕ್ಯಾಬಿನೆಟ್ಟುಗಳಲ್ಲಿ ಇದು ಮಾಮೂಲು.

4,096 ವ್ಯಾಟ್

ಎಲ್ಲ ಮೆಟ್ಟಿಲುಗಳೂ ಸರಿಯಿದ್ದು, ಕೋಣೆಯೂ ತಂಪಾಗಿದ್ದು ಅಂಕಿ ಮಾತ್ರ ಇಳಿಯದಿದ್ದರೆ ಬಿಸಿ ಹುಟ್ಟುವ ಜಾಗವನ್ನೇ ನೋಡಬೇಕು. ನಿಜ ಹೇಳಬೇಕೆಂದರೆ ನಾನು ಮೊದಲು ನೋಡುವುದೇ ಇದನ್ನು, ಖರ್ಚಿಲ್ಲದ ಪರೀಕ್ಷೆ ಎಂಬ ಕಾರಣಕ್ಕೆ. ಸ್ಪರ್ಧೆಯಲ್ಲಿ ಮುಂದಿರಬೇಕೆಂದು ಹಲವು ಮದರ್‌ಬೋರ್ಡುಗಳು ಪ್ರೊಸೆಸರಿಗೆ ಇಂಟೆಲ್ ಹೇಳಿದ ವಿದ್ಯುತ್ ಮಿತಿಯನ್ನು ಬದಿಗಿಟ್ಟು ಬರುತ್ತಿದ್ದವು. ಬಯಾಸ್‌ನಲ್ಲಿ 253 ಇರಬೇಕಾದ ಕಡೆ 4,096 ವ್ಯಾಟ್ ಎಂದು ಬರೆದಿರುತ್ತದೆ. ಅಷ್ಟು ವಿದ್ಯುತ್ತನ್ನು ಯಾವ ಡೆಸ್ಕ್‌ಟಾಪ್ ಪ್ರೊಸೆಸರೂ ಎಳೆಯದು. ಮಿತಿಯೇ ಇಲ್ಲ ಎಂಬುದನ್ನು ಆ ಅಂಕಿ ಬೇರೆ ರೀತಿ ಹೇಳುತ್ತಿದೆ. ಮಿತಿಯಿಲ್ಲದ ಐ9 ಮುನ್ನೂರು ವ್ಯಾಟ್ ದಾಟಿದರೆ ಮೂರು ಫ್ಯಾನಿನ ರೇಡಿಯೇಟರೂ ಕೈಚೆಲ್ಲುತ್ತದೆ.

2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರುಗಳು ಆಟದ ನಡುವೆ ಕುಸಿಯುವ ದೂರುಗಳು ಜಗತ್ತಿನಾದ್ಯಂತ ಬಂದಾಗ ಈ ಸಡಿಲ ಮಿತಿಗಳ ಮೇಲೂ ಬೆಳಕು ಬಿತ್ತು. ಪ್ರೊಸೆಸರೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿತ್ತು ಎಂದು ಇಂಟೆಲ್ ಒಪ್ಪಿಕೊಂಡು ಆ ವರ್ಷದ ಆಗಸ್ಟಿನಲ್ಲಿ 0ಎಕ್ಸ್129 ಎಂಬ ಮೈಕ್ರೊಕೋಡ್ ತಂದಿತು, ವಾರಂಟಿಯನ್ನೂ ಎರಡು ವರ್ಷ ಹಿಗ್ಗಿಸಿತು. ಆ ತಲೆಮಾರಿನ ಪ್ರೊಸೆಸರ್ ಇದ್ದವರು ಇನ್ನೂ ಬಯಾಸ್ ನವೀಕರಿಸಿಲ್ಲದಿದ್ದರೆ ಕೂಲರಿನ ಮಾತು ಆಮೇಲೆ, ಮೊದಲು ಅದನ್ನು ಮಾಡಿ. ನಂತರ ವಿದ್ಯುತ್ ಮಿತಿಯನ್ನು 253ಕ್ಕೆ, ಬೇಕಿದ್ದರೆ ಇನ್ನೂ ಕೆಳಗೆ ಇಳಿಸಿ. ರೈಜನ್‌ನವರಿಗೆ ಇಕೊ ಮೋಡ್ ಇದೆ. 7950ಎಕ್ಸ್ ಅನ್ನು 230 ವ್ಯಾಟ್‌ನಿಂದ 142ಕ್ಕೋ 88ಕ್ಕೋ ಇಳಿಸಬಹುದು. ಕೊನೆಯ ಒಂದಿಷ್ಟು ವೇಗಕ್ಕಾಗಿ ಈ ಪ್ರೊಸೆಸರುಗಳು ಸುಡುವ ವಿದ್ಯುತ್ತಿನ ಪ್ರಮಾಣ ವಿಪರೀತ. ಅದನ್ನು ಬಿಟ್ಟುಕೊಟ್ಟರೆ ಉಷ್ಣಾಂಶ ಧಡಕ್ಕನೆ ಇಳಿಯುತ್ತದೆ. ಕೆಲಸದಲ್ಲಾದ ನಿಧಾನವನ್ನು ಗಮನಿಸಲು ಗಡಿಯಾರವೇ ಬೇಕು. ಮಹಾವಿತರಣದ ಕರೆಂಟು ಬಿಲ್ಲಿನಲ್ಲೂ ಅಷ್ಟಿಷ್ಟು ಉಳಿಯುತ್ತದೆ.

ಕೊಳವೆಗಳಲ್ಲಿ ಒಂದು ಬಿಸಿ ಇನ್ನೊಂದು ತಣ್ಣಗೆ ಎಂಬ ಸ್ಥಿತಿ ಪಂಪಿನ ಕೊಂಡಿ ಬದಲಿಸಿದರೂ, ಯಂತ್ರ ವಾಲಿಸಿದರೂ ಹೋಗದಿದ್ದರೆ ಕೂಲರಿನ ಕಾಲ ಮುಗಿದಿದೆ. ಇವು ಮೊಹರು ಮಾಡಿದ ಸಾಮಾನುಗಳು. ಬಿಚ್ಚಿ ನೀರು ತುಂಬಿ ಕೊಡುತ್ತೇವೆ ಎನ್ನುವವರ ಕೈಗೆ ಕೊಟ್ಟರೆ ಇಂದಲ್ಲ ನಾಳೆ ಮದರ್‌ಬೋರ್ಡಿನ ಮೇಲೆ ಹನಿ ಬೀಳುತ್ತದೆ. ಬಿಲ್ಲು ಹುಡುಕಿ ವಾರಂಟಿ ನೋಡಿ, ಒಳ್ಳೆಯ ಕಂಪನಿಗಳದು ಐದಾರು ವರ್ಷ ಇರುತ್ತದೆ. ವಾರಂಟಿ ಮುಗಿದಿದ್ದು, ನಿಮ್ಮದು 65 ವ್ಯಾಟ್ ವರ್ಗದ ಪ್ರೊಸೆಸರ್ ಆಗಿದ್ದರೆ ಇನ್ನೊಂದು ಲಿಕ್ವಿಡ್ ಕೂಲರಿಗೆ ದುಡ್ಡು ಹಾಕಬೇಡಿ ಎಂಬುದು ನನ್ನ ಸಲಹೆ. ತಾಮ್ರದ ಕೊಳವೆ, ಅಲ್ಯೂಮಿನಿಯಂ ಪದರಗಳ ಸಾಧಾರಣ ಏರ್ ಕೂಲರ್ ಸಾಕು. ಅದರಲ್ಲಿ ಕೆಡುವ ಭಾಗ ಫ್ಯಾನು ಒಂದೇ. ಅದು ಕೆಟ್ಟ ದಿನ ಬುಧವಾರ ಪೇಠೆಗೆ ಹೋಗಿ, ತಪಕೀರ್ ಗಲ್ಲಿಯಲ್ಲಿ ಅದೇ ಅಳತೆಯ ಫ್ಯಾನು ತಂದು ನಾಲ್ಕು ತಿರುಪು ಬಿಗಿದರೆ ಆಯಿತು.